ಗೃಹಸ್ಥನ ಸಂಚಯವೂ ನಿವೃತ್ತಿಯೂ

ಕಲಬುರಗಿಯಿಂದ ಈಶಾನ್ಯಾಭಿಮುಖವಾಗಿ ಹೊರಟ ದಾರಿಯು ಮಹಾಗಾಂವವನ್ನೂ ಕಮಲಾಪುರವನ್ನೂ ಹಾದು ಹುಮನಾಬಾದನ್ನು ಸೇರುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಹೊರಳಿದರೆ ಬಸವಕಲ್ಯಾಣ. ಕಲಬುರಗಿಯಿಂದ ದಕ್ಷಿಣಕ್ಕೆ ಶಹಾಬಾದಿನ ಕಡೆಗೆ ನಡೆದರೆ ಮರತೂರು. ಇಷ್ಟು ಕಿರಿದಾದ ಈ ಸೀಮೆಯಲ್ಲಿ, ಒಂದು ಮನೆಯು ಯಾವಾಗ ಪರರ ಹಂಗಿಲ್ಲದೆ ಬಾಳಬಲ್ಲದು, ಅದರ ಯಜಮಾನನು ಯಾವ ಹೊತ್ತಿಗೆ ದುಡಿಮೆಯ ನೊಗವನ್ನು ಹೆಗಲಿನಿಂದ ಇಳಿಸಬಹುದು ಎಂಬ ಪ್ರಶ್ನೆಗೆ, ಒಂದೇ ಶತಮಾನದ ಅವಧಿಯಲ್ಲಿ, ಒಂದಕ್ಕೊಂದು ಒಪ್ಪದ ಎರಡು ಉತ್ತರಗಳು ಹುಟ್ಟಿದವು. ಒಂದು ಉತ್ತರವು ಧರ್ಮಶಾಸ್ತ್ರಗ್ರಂಥದೊಳಗಿನದು. ಮತ್ತೊಂದು ಅಂಗಳದಲ್ಲಿ ಅಕ್ಕಿಯನ್ನು ಆಯ್ದು ಜೀವಿಸಿದ ದಂಪತಿಗಳದು. ಮೊದಲನೆಯದರ ವಿಚಾರವು ವಿಸ್ತಾರವಾದುದು.

ಪ್ರಶ್ನೆಯೇನೋ ಈ ಕಾಲದಲ್ಲಿಯೂ ಹೊಸ ವೇಷವನ್ನು ತೊಟ್ಟು ಸುತ್ತಾಡುತ್ತಿದೆ. ೧೯೯೪ರಲ್ಲಿ ಅಮೇರಿಕದ ವಿಲಿಯಂ ಬೆಂಗೆನ್ ಎಂಬ ಹಣಕಾಸಿನ ಸಲಹೆಗಾರನು, ಆ ದೇಶದ ಷೇರು ಮತ್ತು ಸಾಲಪತ್ರಗಳು ಹಿಂದಿನ ದಶಕಗಳಲ್ಲಿ ಕೊಟ್ಟ ಆದಾಯವನ್ನು ಲೆಕ್ಕಕ್ಕೆ ಹಿಡಿದು, ಕೂಡಿಟ್ಟ ಗಂಟಿನಿಂದ ಮೊದಲ ವರುಷ ನೂರಕ್ಕೆ ೪ರಂತೆ ತೆಗೆದು, ಮುಂದೆ ಬೆಲೆಗಳು ಏರಿದಷ್ಟೇ ಆ ಮೊತ್ತವನ್ನು ಏರಿಸಿಕೊಂಡು ಹೋದರೆ, ಗಂಟು ೩೦ ವರುಷ ಬಾಳುವುದೆಂದು ತೋರಿಸಿದನು. ಇದನ್ನು ತಿರುಗಿಸಿ ಓದಿದರೆ, ವರುಷದ ವೆಚ್ಚದ ೨೫ ಪಟ್ಟು ಕೈಯಲ್ಲಿದ್ದವನು ಉದ್ಯೋಗವನ್ನು ಬಿಡಬಹುದೆಂದಾಗುತ್ತದೆ. ನಡುಹರೆಯ ದಾಟುವ ಮೊದಲೇ ನೌಕರಿಯಿಂದ ಬಿಡುಗಡೆ ಹೊಂದಬೇಕೆಂಬ ಪಟ್ಟಣದ ತರುಣ ದಂಪತಿಗಳು, ತಿಂಗಳು ತಿಂಗಳೂ ಆಯವ್ಯಯದ ತಖ್ತೆಯನ್ನು ಬರೆದು, ಗಂಟು ಎಷ್ಟು ಪಟ್ಟು ಆಯಿತೆಂದು ನೋಡಿಕೊಳ್ಳುವುದು ಈಗ ಅಪರೂಪವಲ್ಲ. ಈ ಲೆಕ್ಕದ ಹೊಸತನವು ಅಂಕಿಯಲ್ಲಿದೆಯೇ ಹೊರತು ಅಳತೆಗೋಲಿನಲ್ಲಿಲ್ಲ. ಐಶ್ವರ್ಯವನ್ನು ಹೊನ್ನಿನ ತೂಕದಿಂದಲ್ಲ, ಅದು ಎಷ್ಟು ಕಾಲ ಮನೆಯವರಿಗೆ ಅನ್ನವಿಕ್ಕುವುದೆಂಬುದರಿಂದ ಅಳೆಯುವುದು ಈ ನೆಲಕ್ಕೆ ಬಹು ಹಳೆಯ ಸಂಗತಿ.

ಕಲ್ಯಾಣದ ಚಾಲುಕ್ಯರಲ್ಲಿ ಪ್ರಖ್ಯಾತನಾದ ಆರನೆಯ ವಿಕ್ರಮಾದಿತ್ಯನು ೧೦೭೬ರಿಂದ ೧೧೨೬ರ ವರೆಗೆ ಆಳಿದನು. ಅವನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಗ್ರಂಥಾಂತ್ಯದಲ್ಲಿ ಕಲ್ಯಾಣನಗರವನ್ನೂ ವಿಕ್ರಮಾರ್ಕನನ್ನೂ ಮನಸಾರೆ ಹೊಗಳಿರುವನು. ತಂದೆಯು ಭಾರದ್ವಾಜಗೋತ್ರದ ಪದ್ಮನಾಭಭಟ್ಟ, ಗುರುವು ಉತ್ತಮ. ಮರತೂರೇ ಆತನ ಊರೆಂದು ಕಲಬುರಗಿ ಪ್ರಾಂತದವರು ಅಭಿಮಾನದಿಂದ ಹೇಳಿಕೊಳ್ಳುವರು. ಆತನ ಹೆಸರಿನ ಭವನವೂ ಅಲ್ಲಿ ಎದ್ದು ನಿಂತಿದೆ. ಬಂಗಾಳದ ಕಡೆಯನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂ ಮನೆತನಗಳ ಆಸ್ತಿಯು ಈತನ ಮಾತಿನಂತೆಯೇ ಹಂಚಿಕೆಯಾಗುತ್ತ ಬಂದಿತು. ಕೋಲ್‌ಬ್ರೂಕನು ಅದರ ದಾಯವಿಭಾಗಪ್ರಕರಣವನ್ನು ೧೮೧೦ರಲ್ಲಿ ಇಂಗ್ಲಿಷಿಗೆ ತಿರುಗಿಸಿದ ಮೇಲೆ ಆಂಗ್ಲ ನ್ಯಾಯಾಧೀಶರಿಗೂ ಅದೇ ಆಧಾರವಾಯಿತು. ಇದರಲ್ಲಿ ಒಂದು ವಿನೋದವುಂಟು. ಮನೆ, ಹೊಲ, ಸಾಲ, ಬಡ್ಡಿ, ಹೆಂಡತಿಯ ಒಡವೆ ಇವನ್ನೆಲ್ಲ ಕೂದಲೆಳೆಯಂತೆ ಸೀಳಿ ವಿಚಾರಿಸಿದ ಆ ಪುರುಷನು ತಾನು ಮಾತ್ರ ಮನೆಯನ್ನೇ ತೊರೆದ ಪರಮಹಂಸ ಪರಿವ್ರಾಜಕ!

ಯಾಜ್ಞವಲ್ಕ್ಯನು ಆಚಾರಾಧ್ಯಾಯದಲ್ಲಿ ಬ್ರಾಹ್ಮಣ ಗೃಹಸ್ಥರನ್ನು ಅವರ ಧಾನ್ಯಸಂಚಯದ ಮೇಲಿಂದ ನಾಲ್ಕು ತೆರನಾಗಿ ವಿಂಗಡಿಸಿರುವನು. ಕುಸೂಲದಷ್ಟು, ಎಂದರೆ ಕಣಜದಷ್ಟು, ಧಾನ್ಯವುಳ್ಳವನೊಬ್ಬ. ಕುಂಭಿಯಷ್ಟು, ಎಂದರೆ ಗಡಿಗೆಯಷ್ಟು, ಉಳ್ಳವನೊಬ್ಬ. ಮೂರು ದಿನಕ್ಕೆ ಸಾಲುವಷ್ಟಿದ್ದವನೊಬ್ಬ. ನಾಳೆಗೆ ಏನೂ ಇಲ್ಲದವನೊಬ್ಬ. ಕಣಜವೆಂದರೆ ಎಷ್ಟು? ವಿಜ್ಞಾನೇಶ್ವರನು ಸೇರು ಖಂಡುಗಗಳ ಮಾತನ್ನೇ ಎತ್ತದೆ, ತನ್ನ ಕುಟುಂಬವನ್ನು ಹನ್ನೆರಡು ದಿನ ಪೋಷಿಸುವಷ್ಟು ಎಂದು ಅರ್ಥಮಾಡುವನು. ಗಡಿಗೆಗೆ ಆರು ದಿನ. ಮನುಸ್ಮೃತಿಯಲ್ಲಿಯೂ ಈ ವಿಂಗಡಣೆಯಿದೆ. ಅದರ ವ್ಯಾಖ್ಯಾನಕಾರನಾದ ಕುಲ್ಲೂಕಭಟ್ಟನು ಅದೇ ಕಣಜಕ್ಕೆ ಮೂರು ವರುಷವೆಂದೂ ಗಡಿಗೆಗೆ ಒಂದು ವರುಷವೆಂದೂ ಅರ್ಥಹೇಳಿದನು. ಹನ್ನೆರಡು ದಿನವೆಲ್ಲಿ, ಮೂರು ವರುಷವೆಲ್ಲಿ! ಆದರೆ ಇಷ್ಟು ಭಿನ್ನರಾದ ಇಬ್ಬರೂ ಒಂದು ವಿಷಯದಲ್ಲಿ ಒಂದೇ ಆಗಿರುವರು. ಇಬ್ಬರಿಗೂ ಮಾನವು ಕಾಲವೇ. ಹತ್ತು ಬಾಯಿಗಳ ಮನೆಗೂ ಮೂರು ಬಾಯಿಗಳ ಮನೆಗೂ ಒಂದೇ ರಾಶಿಯು ಒಂದೇ ಐಶ್ವರ್ಯವಲ್ಲವೆಂಬುದನ್ನು ಈ ಮಾನವು ತಾನಾಗಿಯೇ ಹೇಳುತ್ತದೆ; ರೂಪಾಯಿಯ ಲೆಕ್ಕವು ಅದನ್ನು ಹೇಳಲಾರದು.

ಅದೇ ಅಧ್ಯಾಯದಲ್ಲಿ ಮತ್ತೊಂದು ನಿಯಮವಿದೆ. ಮೂರು ವರುಷಕ್ಕೆ ಮಿಕ್ಕಿ ಅನ್ನವುಳ್ಳವನು ಸೋಮಯಾಗವನ್ನು ಮಾಡಬಹುದು. ಒಂದು ವರುಷದ ಅನ್ನವಿದ್ದವನು ಸೋಮಕ್ಕೆ ಮುಂಚಿನ ಕರ್ಮಗಳನ್ನಷ್ಟೇ ಮಾಡತಕ್ಕದ್ದು. ಯಾಗವು ಬಹುವ್ಯಯದ ಕಾರ್ಯ. ಅದಕ್ಕೆ ಕೈಹಾಕುವ ಮೊದಲು ಹೆಂಡಿರು ಮಕ್ಕಳು ಮೂರು ವರುಷ ಉಪವಾಸ ಬೀಳರೆಂಬುದು ನಿಶ್ಚಯವಾಗಿರಬೇಕು. ದಾನದ ಪ್ರಕರಣದಲ್ಲಿಯೂ ಇದೇ ಕಟ್ಟು: ತನ್ನದನ್ನು ಕೊಡಬಹುದು, ಕುಟುಂಬಕ್ಕೆ ಬಾಧೆಯಾಗದಂತೆ ಕೊಡಬೇಕು. ಪುಣ್ಯದ ಹೆಸರಿನಲ್ಲಿ ಮನೆಯನ್ನು ಬರಿದುಮಾಡುವ ಯಜಮಾನನಿಗೆ ಸ್ಮೃತಿಕಾರನ ಬೆಂಬಲವಿಲ್ಲ.

ಮೂರು ವರುಷವೆಂಬ ಅವಧಿಯು ಪಂಡಿತರು ಕುಳಿತಲ್ಲಿ ಕಲ್ಪಿಸಿದುದಲ್ಲವೆಂಬುದು ಮಹಾಗಾಂವದ ಸುತ್ತಣ ಎರೆಭೂಮಿಯಲ್ಲಿ ಒಕ್ಕಲುತನ ಮಾಡಿದವರಿಗೆ ಬೇಗನೆ ಹೊಳೆಯುವುದು. ಮುಂಗಾರಿಗೆ ಬಿತ್ತಿದ ತೊಗರಿಯು ಪುಷ್ಯದ ಹೊತ್ತಿಗೆ ಕೈಗೆ ಬರುತ್ತದೆ. ಹಿಂಗಾರಿಯ ಬಿಳಿಜೋಳವು ಮಳೆ ನಿಂತ ಮೇಲೆ ಎರೆಯು ಹೀರಿಟ್ಟುಕೊಂಡ ತೇವದಿಂದಲೇ ಬೆಳೆಯುತ್ತದೆ. ಎರಡಕ್ಕೂ ಆಕಾಶವೇ ಕಾಲುವೆ. ಕಮಲಾಪುರದ ಕೆಂಪುಬಾಳೆಯಂಥ ತೋಟದ ಬೆಳೆಯು ನೀರುಳ್ಳ ಕೆಲವರ ಭಾಗ್ಯ. ಒಂದು ವರುಷ ಮಳೆ ತಪ್ಪಿದರೆ ಆ ವರುಷದ ಅನ್ನ ಹೋಯಿತು. ಎರಡನೆಯ ವರುಷವೂ ತಪ್ಪಿದರೆ ಬೀಜವೂ ಎತ್ತೂ ಹೋದವು. ಮೂರನೆಯ ವರುಷ ಮಳೆ ಬಂದರೂ ಬೆಳೆ ಕೊಯ್ಯುವ ತನಕ ಕಾಯಬೇಕು. ಹೀಗೆ ಎಣಿಸಿದರೆ ಮೂರು ವರುಷವೆಂಬುದು ಶ್ರೀಮಂತಿಕೆಯ ಮಾತಲ್ಲ. ಒಂದು ದೊಡ್ಡ ಬರವನ್ನು ಬದುಕಿ ದಾಟುವುದಕ್ಕೆ ಬೇಕಾದ ಕನಿಷ್ಠ ಅವಧಿ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಈ ಸಂಚಯಕ್ಕಾಗಿಯೇ ಹಗೇವುಗಳಿದ್ದವು. ಊರೊಳಗಿನ ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿ ತೋಡಿ, ಒಳಗೆ ಹುಲ್ಲನ್ನು ಹೊಂದಿಸಿ, ಜೋಳವನ್ನು ತುಂಬಿ, ಬಾಯಿಗೆ ಚಪ್ಪಡಿಯಿಟ್ಟು ಮಣ್ಣಿನಿಂದ ಮೆತ್ತುತ್ತಿದ್ದರು. ಗಾಳಿಯಾಡದ ಕಾರಣ ಹುಳು ಹತ್ತದೆ ಕಾಳು ವರುಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಅಂಚಿನ ಕಾಳು ಮಾತ್ರ ತೇವಕ್ಕೆ ಮುಗ್ಗಿ ಹೋಗುತ್ತಿತ್ತು. ತೆರೆದ ಕೂಡಲೆ ಒಳಗಿಳಿಯುವಂತಿಲ್ಲ; ಒಳಗಿನ ಕೆಟ್ಟ ಗಾಳಿಯು ಮನುಷ್ಯನ ಪ್ರಾಣವನ್ನೇ ತೆಗೆಯುವುದು. ಇಂಥ ಹಗೇವು ತುಂಬಿದ ಮನೆಯೆಂದರೆ ಹೆಣ್ಣು ಕೊಡಲು ಹಿಂದೆಮುಂದೆ ನೋಡದ ಮನೆ. ಬಹಮನಿ ಅರಸರ ರಾಜಧಾನಿಯು ಕಲಬುರಗಿಯಲ್ಲಿದ್ದಾಗಲೇ, ೧೩೯೬ರಿಂದ ಹನ್ನೆರಡು ವರುಷ ದಖ್ಖನವನ್ನು ಸುಟ್ಟಿತೆಂದು ಹೇಳುವ ದುರ್ಗಾದೇವಿಯ ಬರಕ್ಕೆ ಯಾವ ಹಗೇವೂ ಸಾಲಲಿಲ್ಲ. ೧೮೭೬–೭೮ರ ಮಹಾಕ್ಷಾಮವು ಮದ್ರಾಸು, ಮೈಸೂರು, ಮುಂಬಯಿ ಪ್ರಾಂತಗಳ ಜೊತೆಗೆ ಹೈದರಾಬಾದು ಸಂಸ್ಥಾನದ ಪಶ್ಚಿಮ ಜಿಲ್ಲೆಗಳನ್ನೂ ಹೊಡೆಯಿತು. ಒಂದು ವರುಷದ ಕಾಳಿದ್ದವರಿಗೂ ಮೂರು ವರುಷದ ಕಾಳಿದ್ದವರಿಗೂ ಎಷ್ಟು ಅಂತರವೆಂಬುದು ಅಂಥ ಬರಗಳಲ್ಲಿ ಗೊತ್ತಾಯಿತು.

ಹಗೇವು ಎಷ್ಟು ಮನೆಗಳಿಗೆ ಇತ್ತೆಂಬುದು ಬೇರೆ ಮಾತು. ಗೌಡ, ಕುಲಕರ್ಣಿ, ಸಾಹುಕಾರ ಇವರಿಗೆ ಇದ್ದೀತು. ಉಳುವವನಿಗಾದರೋ ಸುಗ್ಗಿಯಲ್ಲಿ ಒಕ್ಕಿದ ರಾಶಿಯಿಂದ ಕಂದಾಯ, ಕೋರು, ಆಯಗಾರರ ಆಯ, ಹಳೆಯ ಬಾಕಿ ಇವು ಕಳೆದ ಮೇಲೆ ಉಳಿದದ್ದೇ ಅನ್ನ. ಬೇಸಿಗೆಯ ಕೊನೆಗೆ ಅದು ತೀರಿದರೆ ಸಾಹುಕಾರನ ಹಗೇವಿನಿಂದ ಕಾಳುಕಡ; ಸುಗ್ಗಿಗೆ ಸವಾಯಿಯಾಗಿ, ಕೆಲವೆಡೆ ದೀಡಿಯಾಗಿ ಅಳೆಯಬೇಕು. ನಾಲ್ಕು ಚೀಲಕ್ಕೆ ಐದು, ಇಲ್ಲವೆ ಆರು. ಒಬ್ಬನ ಮೂರು ವರುಷದ ನಿಶ್ಚಿಂತೆಯು ಹತ್ತು ಮಂದಿಯ ಆರು ತಿಂಗಳ ಚಿಂತೆಯ ಮೇಲೆ ನಿಂತಿದ್ದಿತೆಂಬುದನ್ನು ಮರೆತು ಹಗೇವಿನ ಹೊಗಳಿಕೆಯನ್ನು ಮಾಡುವುದು ಸರಿಯಲ್ಲ.

ಸಾಲವಿದ್ದವನಿಗೆ ಸಂಚಯದ ಮಾತು ಹಾಸ್ಯ. ಇದನ್ನು ಬಲ್ಲುದರಿಂದಲೇ ಸ್ಮೃತಿಯು ಋಣಾದಾನವನ್ನು ವ್ಯವಹಾರಪದಗಳಲ್ಲಿ ಮೊದಲಿಗಿಟ್ಟಿತು. ಅಡವು ಇಟ್ಟ ಸಾಲಕ್ಕೆ ತಿಂಗಳಿಗೆ ಅಸಲಿನ ೮೦ನೆಯ ಒಂದು ಭಾಗ ಬಡ್ಡಿ. ಎಂದರೆ ವರುಷಕ್ಕೆ ನೂರಕ್ಕೆ ೧೫. ಅಡವಿಲ್ಲದ ಸಾಲಕ್ಕೆ ವರ್ಣಾನುಸಾರವಾಗಿ ತಿಂಗಳಿಗೆ ನೂರಕ್ಕೆ ೨, ೩, ೪, ೫. ಮೇಲಿನವನಿಗೆ ಕಡಿಮೆ, ಕೆಳಗಿನವನಿಗೆ ಹೆಚ್ಚು. ಈ ತಾರತಮ್ಯವನ್ನು ಈ ಕಾಲದ ಬುದ್ಧಿಯು ಒಪ್ಪಲಾರದು, ಒಪ್ಪಬೇಕಾಗಿಯೂ ಇಲ್ಲ. ಆದರೆ ಅದರ ಮುಂದಿನ ನಿಯಮವು ಬಡವನ ಪಾಲಿಗೆ ಅಮೂಲ್ಯವಾದುದು: ಹೊನ್ನಿನ ಸಾಲವು ಎಷ್ಟೇ ವರುಷ ನಿಂತರೂ ಒಟ್ಟು ಎರಡರಷ್ಟನ್ನು ಮೀರಕೂಡದು, ಧಾನ್ಯವು ಮೂರರಷ್ಟನ್ನು, ಬಟ್ಟೆಯು ನಾಲ್ಕರಷ್ಟನ್ನು. ಅಡವಿನ ಸಾಲವು ೮೦ ತಿಂಗಳಿಗೆ, ಎಂದರೆ ೬ ವರುಷ ೮ ತಿಂಗಳಿಗೆ, ಇಮ್ಮಡಿಯಾಗಿ ಅಲ್ಲಿಗೆ ನಿಲ್ಲುತ್ತದೆ. ಮುಂಬಯಿ ಪ್ರಾಂತದ ನ್ಯಾಯಾಲಯಗಳು ಇದನ್ನೇ ದಾಮದುಪಟ್ಟು ಎಂಬ ಹೆಸರಿನಿಂದ ಇಪ್ಪತ್ತನೆಯ ಶತಮಾನದಲ್ಲಿಯೂ ಪಾಲಿಸಿದವು. ನಿಯಮಕ್ಕೆ ಒಂದು ಕಿಂಡಿಯಿತ್ತು. ಹಳೆಯ ಪತ್ರವನ್ನು ಹರಿದು, ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಯಿಸಿದರೆ ಎಣಿಕೆಯು ಮತ್ತೆ ಮೊದಲಿನಿಂದ ಆರಂಭವಾಗುವುದು. ಮಿತಾಕ್ಷರೆಯೂ ಈ ಸಂದರ್ಭವನ್ನು ಬಿಟ್ಟುಕೊಟ್ಟಿದೆ. ಸಾಹುಕಾರರು ಗ್ರಂಥವನ್ನೋದದೆಯೇ ಅದನ್ನು ಕಂಡುಕೊಂಡಿದ್ದರು. ಈ ಬಗೆಯ ಪತ್ರಗಳ ಮೇಲಿನ ಸಿಟ್ಟಿನಿಂದಲೇ ೧೮೭೫ರಲ್ಲಿ ಪುಣೆ, ಅಹಮದನಗರಗಳ ರೈತರು ಸಾಹುಕಾರರ ಕಾಗದಗಳನ್ನು ಸುಟ್ಟುಹಾಕಿದರು. ೧೮೭೯ರಲ್ಲಿ ಬಂದ ದಖ್ಖನ ಕೃಷಿಕರ ಪರಿಹಾರದ ಕಾಯಿದೆಯು ಸೊಲ್ಲಾಪುರದ ವರೆಗೆ ಬಂದು ನಿಜಾಮರ ಗಡಿಯಲ್ಲಿ ನಿಂತಿತು. ಕಲಬುರಗಿಯ ರೈತನು ಗಡಿಯ ಈಚೆಗಿದ್ದನು.

ತಂದೆಯ ಸಾಲವು ಮಗನ ಮೇಲೆ ಇಳಿಯುವುದೆಂದೂ, ಹೆಂಡ, ಜೂಜು, ವ್ಯಭಿಚಾರಗಳಿಗೆ ಮಾಡಿದ ಸಾಲವು ಇಳಿಯುವುದಿಲ್ಲವೆಂದೂ ಶಾಸ್ತ್ರವು ವಿಧಿಸಿತು. ದೇವ, ಋಷಿ, ಪಿತೃಗಳ ಋಣಗಳನ್ನು ತೀರಿಸಿದ ಮೇಲೆಯೇ ಮೋಕ್ಷಕ್ಕೆ ಮನಸ್ಸಿಡಬೇಕೆಂದು ಮನುವಿನ ಮಾತು. ಆದುದರಿಂದ ನಿವೃತ್ತಿಯ ಬಾಗಿಲಲ್ಲಿ ಮೊದಲು ಕುಳಿತಿರುವವನು ಸಾಲಿಗನು. ಅ‍ವನನ್ನು ದಾಟಿದ ಯಜಮಾನನ ಎದುರಿಗೆ ನಿಲ್ಲುವವರು ಮನೆಯವರೇ.

ಇಲ್ಲಿ ಮಿತಾಕ್ಷರೆಯ ಪಾಂಡಿತ್ಯವು ಬೆಳಗುತ್ತದೆ. ಪೂರ್ವಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವಾಮ್ಯವುಂಟೆಂಬುದು ಅದರ ಮೂಲಸಿದ್ಧಾಂತ. ಹೀಗಿರಲು ಯಜಮಾನನು ತಾನೊಬ್ಬನೇ ಒಂದು ದಿನ ಎದ್ದು ‘ನಾನು ಬಿಟ್ಟೆ’ ಎನ್ನುವಂತಿಲ್ಲ; ಬಿಡುವುದೆಂದರೆ ಲೆಕ್ಕವೊಪ್ಪಿಸುವುದು. ವಿಭಾಗಕ್ಕೆ ನಾಲ್ಕು ಕಾಲಗಳನ್ನು ವಿಜ್ಞಾನೇಶ್ವರನು ಗುರುತಿಸುವನು. ತಂದೆಯೇ ಇಚ್ಛಿಸಿದಾಗ ಒಂದು. ತಂದೆಯು ಜೀವಿಸಿದ್ದು, ಧನದಲ್ಲಿಯೂ ಭೋಗದಲ್ಲಿಯೂ ಆಸೆಯನ್ನು ತೊರೆದಿದ್ದು, ತಾಯಿಗೆ ಮತ್ತೆ ಮಕ್ಕಳಾಗುವ ವಯಸ್ಸು ಮೀರಿದಾಗ, ತಂದೆಯು ಒಲ್ಲೆನೆಂದರೂ ಮಕ್ಕಳ ಇಚ್ಛೆಯಿಂದ ಎರಡನೆಯದು. ತಂದೆಯು ಅಧರ್ಮದಲ್ಲಿ ನಡೆದಾಗ ಅಥವಾ ದೀರ್ಘರೋಗಕ್ಕೆ ಸಿಕ್ಕಾಗ ಮೂರನೆಯದು. ತಂದೆಯ ಮರಣಾನಂತರ ನಾಲ್ಕನೆಯದು. ಎರಡನೆಯದರಲ್ಲಿ ತಾಯಿಯ ವಯಸ್ಸನ್ನು ಏಕೆ ತಂದರು? ಇನ್ನೂ ಹುಟ್ಟದ ಮಗುವಿನ ಪಾಲು ತಪ್ಪಬಾರದೆಂದು. ಹಾಗೂ ವಿಭಾಗವಾದ ಮೇಲೆ ಮಗುವೊಂದು ಹುಟ್ಟಿದರೆ ತಂದೆತಾಯಿಗಳು ತಮಗಾಗಿ ಇಟ್ಟುಕೊಂಡ ಪಾಲು ಅದಕ್ಕೆ ಸೇರತಕ್ಕದ್ದು.

ತಂದೆಯು ತಾನೇ ಗಳಿಸಿದ ಆಸ್ತಿಯನ್ನು ಹಂಚುವಾಗ ಎರಡು ಅಂಶಗಳನ್ನು ತನಗೆ ಇಟ್ಟುಕೊಳ್ಳಬಹುದು. ಪೂರ್ವಾರ್ಜಿತದಲ್ಲಿ ಅವನಿಗೂ ಮಗನಿಗೂ ಸಮಾನ ಸ್ವಾಮ್ಯ. ಮಕ್ಕಳಿಗೆ ಸಮಭಾಗಗಳನ್ನು ಮಾಡಿದನಾದರೆ, ಗಂಡನಿಂದಾಗಲಿ ಮಾವನಿಂದಾಗಲಿ ಸ್ತ್ರೀಧನವನ್ನು ಪಡೆಯದ ಹೆಂಡತಿಗೆ ಮಕ್ಕಳೊಂದಿಗೆ ಸಮನಾದ ಅಂಶವನ್ನು ಕೊಡಬೇಕು, ಪಡೆದಿದ್ದರೆ ಅರ್ಧಾಂಶ. ಸ್ತ್ರೀಧನದ ಅರ್ಥವನ್ನು ವಿಜ್ಞಾನೇಶ್ವರನು ಹಿಗ್ಗಿಸಿದಷ್ಟು ಮತ್ತಾವ ವ್ಯಾಖ್ಯಾನಕಾರನೂ ಹಿಗ್ಗಿಸಲಿಲ್ಲವೆಂದರೆ ತಪ್ಪಾಗಲಾರದು: ಮದುವೆಯ ಉಡುಗೊರೆಗಳಲ್ಲದೆ ದಾಯದಿಂದ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಬಂದದ್ದು ಎಲ್ಲವೂ ಅವಳದೇ. ಬರಗಾಲದಲ್ಲಿ, ಧರ್ಮಕಾರ್ಯದಲ್ಲಿ, ರೋಗದಲ್ಲಿ, ಸೆರೆಯಲ್ಲಿ ಗಂಡನು ಅದನ್ನು ಬಳಸಿಕೊಂಡರೆ ತಿರುಗಿ ಕೊಡಬೇಕಾಗಿಲ್ಲ. ಬೇರಾವ ಕಾರಣಕ್ಕೂ ಆ ವಿನಾಯಿತಿಯಿಲ್ಲ. ಯಜಮಾನನ ಬಿಡುಗಡೆಯು ಹೆಂಡತಿಯ ಬಡತನವಾಗಬಾರದೆಂಬ ಈ ಎಚ್ಚರವು ಕೂಡಿಡುವವರ ತಖ್ತೆಗಳಲ್ಲಿ ಎಷ್ಟೋ ಸಲ ಕಾಣಿಸುವುದಿಲ್ಲ. ಅಲ್ಲಿ ‘ಮನೆ’ ಎಂದು ಬರೆದಿದ್ದರೂ ಖಾತೆಯು ಒಬ್ಬನದೇ ಆಗಿರುವುದು.

ಲೆಕ್ಕವೊಪ್ಪಿಸಿದ ಮೇಲೆ ವನ. ಹೆಂಡತಿಯನ್ನು ಮಕ್ಕಳಲ್ಲಿ ಒಪ್ಪಿಸಿ, ಇಲ್ಲವೆ ಜೊತೆಗೆ ಕರೆದುಕೊಂಡು ಹೋಗತಕ್ಕದ್ದು. ವನಸ್ಥನೂ ಕೂಡಿಡಬಹುದು: ಒಂದು ದಿನಕ್ಕೆ, ತಿಂಗಳಿಗೆ, ಆರು ತಿಂಗಳಿಗೆ, ಹೆಚ್ಚೆಂದರೆ ವರುಷಕ್ಕೆ, ಆಶ್ವಯುಜಮಾಸ ಬಂದಾಗ ಮಿಕ್ಕಿದ್ದನ್ನು ತ್ಯಜಿಸಬೇಕು. ಅಳತೆಗೋಲು ಅದೇ, ಆದರೆ ತಿರುಗಿ ಹಿಡಿದಿದೆ. ಗೃಹಸ್ಥನ ಯಾಗಕ್ಕೆ ಮೂರು ವರುಷವು ಕೆಳಗಿನ ಮಿತಿಯಾದರೆ ನಿವೃತ್ತನಿಗೆ ಒಂದು ವರುಷವು ಮೇಲಿನ ಮಿತಿ. ಬೆಂಗೆನ್ನನ ಇಪ್ಪತ್ತೈದು ವರುಷವೆಲ್ಲಿ, ಇದೆಲ್ಲಿ ಎಂದು ಅಚ್ಚರಿಪಡಬೇಕಾಗಿಲ್ಲ. ಅಮೇರಿಕದ ನಿವೃತ್ತನಿಗೆ ಕಾಡೂ ಇಲ್ಲ, ಹೊಲವೂ ಇಲ್ಲ, ಕೂಡಿ ಬಾಳುವ ಮಗನೂ ಇಲ್ಲ. ಆ ಮೂರನ್ನೂ ಅವನು ಹಣದಿಂದ ಕೊಳ್ಳಬೇಕು.

ಅರಸರ ನಿವೃತ್ತಿಯ ಕಥೆ ಬೇರೆ. ಮಹಾಗಾಂವದಿಂದ ದಕ್ಷಿಣಕ್ಕೆ ಒಂದು ದಿನದ ಪಯಣದಷ್ಟು ದೂರದಲ್ಲಿರುವ ಮಳಖೇಡದಲ್ಲಿ ಆಳಿದ ರಾಷ್ಟ್ರಕೂಟ ನೃಪತುಂಗ ಅಮೋಘವರ್ಷನು ವಿವೇಕದಿಂದ ರಾಜ್ಯವನ್ನು ತ್ಯಜಿಸಿದನೆಂದು ಅವನದೆನ್ನುವ ಪ್ರಶ್ನೋತ್ತರರತ್ನಮಾಲಿಕೆಯ ಕೊನೆಯು ಹೇಳುತ್ತದೆ. ೮೧೪ರಲ್ಲಿ ಬಾಲಕನಾಗಿ ಪಟ್ಟವೇರಿ ಅರುವತ್ತಕ್ಕೂ ಮಿಕ್ಕಿ ವರುಷ ಆಳಿದವನಿಗೆ ಬೇಸರ ಬಂದುದು ಸಹಜ. ನಾಳೆಯ ಅನ್ನದ ಚಿಂತೆಯಂತೂ ಅವನಿಗಿರಲಿಲ್ಲ.

ಕಾಲಕ್ರಮದಲ್ಲಿ ವಾನಪ್ರಸ್ಥವು ಕಲಿಯುಗದಲ್ಲಿ ವರ್ಜ್ಯವಾದ ಆಚಾರಗಳ ಪಟ್ಟಿಗೆ ಸೇರಿತು. ಕಾಡು ಹೋಯಿತು, ವಿಭಾಗ ಉಳಿಯಿತು. ಮಗನಿಗೆ ಎಲ್ಲವನ್ನೂ ಒಪ್ಪಿಸಿ ಮನೆಯಲ್ಲಿಯೇ ಉದಾಸೀನನಾಗಿ ಇರುವ ಮಾರ್ಗವನ್ನು ಮನುವೂ ಹೇಳಿದ್ದಾನೆ. ಪಡಸಾಲೆಯ ಮೂಲೆಯಲ್ಲಿ ಜಪಮಾಲೆ ಹಿಡಿದು ಕುಳಿತ ಹಿರಿಯರು ಆ ಮಾರ್ಗದವರು. ಅದರ ಅಪಾಯವೂ ಬಚ್ಚಿಟ್ಟದ್ದಲ್ಲ. ೨೦೦೭ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯು, ಸಾಕುವೆನೆಂಬ ಷರತ್ತಿನ ಮೇಲೆ ಆಸ್ತಿಯನ್ನು ಬರೆಯಿಸಿಕೊಂಡು ಸಾಕದೆ ಹೋದರೆ ಆ ಬರಹವನ್ನೇ ರದ್ದುಪಡಿಸಲು ಅವಕಾಶ ಕೊಟ್ಟಿರುವುದು ಸುಮ್ಮನೆ ಅಲ್ಲ.

ಮಿತಾಕ್ಷರೆಯಲ್ಲಿ ಇನ್ನೊಂದು ಮಾತಿದೆ. ಕೂತಲ್ಲಿಗೆ ಬರುವ ಆದಾಯವನ್ನು ಬಯಸುವವರೆಲ್ಲ ಅದನ್ನು ಗಮನಿಸತಕ್ಕದ್ದು. ಅಜ್ಜನು ಗಳಿಸಿದ ಭೂಮಿ ಮತ್ತು ದ್ರವ್ಯಗಳ ಸಾಲಿನಲ್ಲಿ ಯಾಜ್ಞವಲ್ಕ್ಯನು ‘ನಿಬಂಧ’ವನ್ನು ಹೇಳಿರುವನು. ವೀಳ್ಯದೆಲೆಯ ಹೊರೆಯೊಂದಕ್ಕೆ ಇಷ್ಟು ಎಲೆ, ಅಡಿಕೆಯ ಹೊರೆಯೊಂದಕ್ಕೆ ಇಷ್ಟು ಅಡಿಕೆ ಎಂಬಂತೆ ಗೊತ್ತುಮಾಡಿಕೊಟ್ಟ ಹಕ್ಕು ಎಂದು ವಿಜ್ಞಾನೇಶ್ವರನ ವಿವರಣೆ. ಉತ್ತಿಲ್ಲ, ಬಿತ್ತಿಲ್ಲ, ಹೊರೆ ಇಳಿದಾಗಲೆಲ್ಲ ಪಾಲು ಬರುತ್ತದೆ. ನಿಜಾಮರ ರಾಜ್ಯದಲ್ಲಿ ಈ ನಿಬಂಧವು ನಾನಾ ಹೆಸರುಗಳಿಂದ ಬಾಳಿತು: ದೇಶಮುಖ ದೇಶಪಾಂಡೆಯರ ರುಸುಮು, ದಿನಕ್ಕಿಷ್ಟೆಂದು ಕೊಡುವ ಯೌಮಿಯಾ, ಮಠ ದರ್ಗಾಗಳ ಮಾಮೂಲು. ಹತ್ತೊಂಬತ್ತನೆಯ ಶತಮಾನದಲ್ಲಿ ಸಾಲಾರಜಂಗನು ಕಂದಾಯದ ವಸೂಲಿಯನ್ನು ದೇಶಮುಖರ ಕೈಯಿಂದ ಸರಕಾರದ ನೌಕರರ ಕೈಗೆ ತೆಗೆದುಕೊಂಡ ಮೇಲೆಯೂ ಅವರ ರುಸುಮು ಉಳಿಯಿತು. ಕೆಲಸ ಹೋಗಿ ಸಂಬಳ ನಿಂತಂತಾಯಿತು! ಇಂಥ ಮನೆತನಗಳ ಎರಡು ಮೂರು ತಲೆಗಳು ಹುಟ್ಟುತ್ತಲೇ ನಿವೃತ್ತರಾಗಿ ಬಾಳಿದವು. ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. ೧೯೪೯ರಲ್ಲಿ ಜಹಗೀರುಗಳು ರದ್ದಾದವು. ೧೯೫೦ರಲ್ಲಿ ಗೇಣಿಯ ಕಾಯಿದೆ ಬಂದಿತು. ೧೯೫೨ರಲ್ಲಿ ನಗದು ದತ್ತಿಗಳನ್ನೂ ಕಾಯಿದೆಯಿಂದ ತೆಗೆದುಹಾಕಿದರು. ನ್ಯಾಯವಾಗಿ ಮಾಡಿದ ಕೆಲಸವೇ. ಆದರೆ ಒಂದು ಹೊರೆಯನ್ನೂ ಹೊರದೆ ಬೆಳೆದ ಮನೆಗಳಿಗೆ, ಸ್ವತಂತ್ರರೆಂದು ತಿಳಿದುಕೊಂಡಿದ್ದ ತಾವು ಕೊಡುವವನ ಕೈಯನ್ನೇ ನೆಚ್ಚಿದ್ದೆವೆಂಬುದು ಆ ನಾಲ್ಕು ವರುಷಗಳಲ್ಲಿ ತಿಳಿಯಿತು. ಕುಸೂಲದ ಕಾಳು ಹನ್ನೆರಡೇ ದಿನದ್ದಾದರೂ ಮನೆಯೊಳಗಿತ್ತು. ನಿಬಂಧವು ನೂರು ವರುಷದ್ದಾದರೂ ಅನ್ಯರ ದಫ್ತರದೊಳಗಿತ್ತು.

ಸರಕಾರಿ ನೌಕರನ ಪಿಂಚಣಿಯೂ ನಿಬಂಧದ ಜಾತಿಗೇ ಸೇರಿದ್ದು. ದುಡಿದು ಪಡೆದದ್ದೆಂಬುದಷ್ಟೇ ಭೇದ. ೨೦೦೬ರ ಏಪ್ರಿಲ್ ಒಂದರಿಂದ ಕರ್ನಾಟಕ ಸರಕಾರದ ಸೇವೆಗೆ ಸೇರಿದವರನ್ನು ಗೊತ್ತಾದ ಪಿಂಚಣಿಯಿಂದ ತೆಗೆದು ಕೂಡಿಟ್ಟ ನಿಧಿಯ ಪದ್ಧತಿಗೆ ಹಾಕಿದಾಗ, ಅವರು ನಿಬಂಧದಿಂದ ಕುಸೂಲಕ್ಕೆ ವರ್ಗವಾದರೆನ್ನಬಹುದು.

ಎರಡನೆಯ ಉತ್ತರಕ್ಕೆ ಬರಬೇಕು. ವಿಕ್ರಮಾದಿತ್ಯನು ಕಾಲವಾಗಿ ಅರ್ಧ ಶತಮಾನ ಕಳೆಯುವಷ್ಟರಲ್ಲಿ, ಅದೇ ಕಲ್ಯಾಣದಲ್ಲಿ, ಕಳಚುರ್ಯ ಬಿಜ್ಜಳನ ಕಾಲಕ್ಕೆ ಬಸವಣ್ಣನವರ ಮಹಾಮನೆಯು ಶರಣರಿಂದ ತುಂಬಿತು. ಲಿಂಗಸೂಗೂರ ಕಡೆಯ ಅಮರೇಶ್ವರದಿಂದ ಬಂದ ಮಾರಯ್ಯ ಲಕ್ಕಮ್ಮ ಎಂಬ ದಂಪತಿಗಳು, ಆ ಅಂಗಳದಲ್ಲಿ ಚೆಲ್ಲಿಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕವನ್ನು ಹಿಡಿದರು. ಆದುದರಿಂದ ಆಯ್ದಕ್ಕಿ ಎಂಬ ಹೆಸರು. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಒಲೆ ಹಚ್ಚಲಿಲ್ಲ. ದಿನದ ದಾಸೋಹಕ್ಕೆ ಮಿಕ್ಕ ಅಕ್ಕಿಯು ಆಸೆಯ ಅಕ್ಕಿಯೆಂದು ಹೇಳಿ, ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿದಳೆಂದು ಶರಣರ ಕಥೆಗಳು ಹೇಳುತ್ತವೆ.

ಶಾಸ್ತ್ರದ ವಿಂಗಡಣೆಯಲ್ಲಿ ನಾಳೆಗೆ ಏನೂ ಇಲ್ಲದವನು ನಾಲ್ಕನೆಯವನಷ್ಟೆ. ಸ್ಮೃತಿಕಾರರೂ ಆ ನಾಲ್ವರಲ್ಲಿ ಮುಂದುಮುಂದಿನವನನ್ನೇ ಶ್ರೇಷ್ಠನೆಂದು ಎಣಿಸಿದರು. ಆದರೆ ಬ್ರಾಹ್ಮಣನಿಗೆ ಹೇಳಿದ ಆ ಶ್ರೇಷ್ಠತೆಯು ಪುಸ್ತಕದಲ್ಲಿ ಉಳಿಯಿತು. ಅದನ್ನು ನಡೆಯಲ್ಲಿ ತಂದವಳು ಅಕ್ಕಿ ಆಯುವವನ ಹೆಂಡತಿ. ಮನೆಯ ಸಂಚಯವು ಎಷ್ಟಿರಬೇಕೆಂಬ ತೀರ್ಪನ್ನು ಅವಳು ಕೊಟ್ಟಳು, ಗಂಡನು ನಡಸಿದನು. ಮಿತಾಕ್ಷರೆಯು ಹೆಂಡತಿಗೆ ಅಂಶವನ್ನು ಕೊಟ್ಟಿತು, ಈ ಅಧಿಕಾರವನ್ನು ಕೊಟ್ಟಿರಲಿಲ್ಲ. ಕಾಯಕದಲ್ಲಿ ನಿವೃತ್ತಿಯೆಂಬ ಮಾತಿಗೆ ಎಡೆಯೇ ಇಲ್ಲ. ದುಡಿಮೆಯನ್ನು ನೊಗವೆಂದು ತಿಳಿದವನಿಗಲ್ಲವೆ ಇಳಿಸುವ ಚಿಂತೆ?

ಇದನ್ನು ಒಪ್ಪಿದ ಮೇಲೆಯೂ ಒಂದು ಸಂಶಯ ಉಳಿಯುತ್ತದೆ. ಲಕ್ಕಮ್ಮನ ನಿಶ್ಚಿಂತೆಗೆ ದಿನದಿನವೂ ಅಕ್ಕಿ ಬೀಳುವ ಅಂಗಳವೊಂದು ಬೇಕಾಗಿತ್ತು. ೧೧೬೭ರ ಸುಮಾರಿಗೆ ಕಲ್ಯಾಣವು ಕದಡಿ, ಬಿಜ್ಜಳನು ಹತನಾಗಿ, ಶರಣರು ದಿಕ್ಕುದಿಕ್ಕಿಗೆ ಚದರಿದರು, ಅಂಗಳವೂ ಹೋಯಿತು. ಒಬ್ಬೊಬ್ಬರ ಕಣಜವನ್ನು ಬೇಡವೆಂದ ಸಮಾಜವು ಎಲ್ಲರಿಗೂ ಸಾಲುವ ಒಂದು ಕಣಜವನ್ನು ಉಳಿಸಿಕೊಳ್ಳಬೇಕು. ದಾಸೋಹವು ಅದನ್ನೇ ಮಾಡಹೊರಟಿತ್ತು, ಹೆಚ್ಚು ಕಾಲ ದೊರೆಯಲಿಲ್ಲ.

ಮುಂದೆ ಏಳು ಶತಮಾನಗಳ ತರುವಾಯ ಅಂಥ ಕಣಜದ ಪ್ರಯತ್ನಗಳು ಬೇರೆ ರೂಪದಲ್ಲಿ ಕನ್ನಡನಾಡಿನಲ್ಲಿ ತೋರಿದವು. ೧೮೯೧ರಲ್ಲಿ ಮೈಸೂರು ಸರಕಾರವು ತನ್ನ ನೌಕರರಿಗಾಗಿ ಜೀವವಿಮೆಯನ್ನು ತೆರೆಯಿತು. ೧೯೦೪ರ ಸಹಕಾರ ಕಾಯಿದೆಯ ಮರುವರುಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘವನ್ನು ಕಟ್ಟಿದರು. ಉಡುಪಿಯಲ್ಲಿ ೧೯೨೫ರಲ್ಲಿ ಹುಟ್ಟಿದ ಸಿಂಡಿಕೇಟು ೧೯೨೮ರಿಂದ ಪಿಗ್ಮಿ ಠೇವಣಿಯನ್ನು ನಡೆಸಿ, ಮನೆಮನೆಯ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಎತ್ತಿತು. ಗಡಿಗೆಯ ಲೆಕ್ಕವನ್ನು ಬ್ಯಾಂಕಿನ ಪುಸ್ತಕಕ್ಕೆ ತಂದ ಈ ಉಪಾಯದಷ್ಟು ಬಡ ಮನೆಗಳನ್ನು ತಲಪಿದ್ದು ವಿರಳ. ಕಲಬುರಗಿಯು ಆಗ ಪರಸಂಸ್ಥಾನ. ಹಾಲಿ ಸಿಕ್ಕದ ೭ ರೂಪಾಯಿಗೆ ಬ್ರಿಟಿಷರ ೬ ರೂಪಾಯಿಯಷ್ಟು ಬೆಲೆ. ಹೈದರಾಬಾದು ಸ್ಟೇಟ್ ಬ್ಯಾಂಕು ಸ್ಥಾಪನೆಯಾದದ್ದೇ ೧೯೪೧ರಲ್ಲಿ. ಹಳ್ಳಿಯವನ ಬ್ಯಾಂಕು ಅಲ್ಲಿಯ ತನಕ ಬೆಳ್ಳಿಯ ಕಡಗವೇ ಆಗಿತ್ತು. ಸಾಲದ ಕಥೆಯೂ ತೀರಿದ್ದಲ್ಲ. ಸಣ್ಣ ಸಾಲಗಳ ವಸೂಲಿಯಲ್ಲಿ ನಡೆಯುವ ಬಲಾತ್ಕಾರವನ್ನು ತಡೆಯಲು ೨೦೨೫ರಲ್ಲಿಯೂ ಕರ್ನಾಟಕ ಸರಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು.

ವಿಜ್ಞಾನೇಶ್ವರನ ಪಂಕ್ತಿಯಲ್ಲಿ ಒಂದು ಎಲೆಯು ಬಹುಕಾಲ ಬರಿದಾಗಿತ್ತು. ಹುಟ್ಟಿನಿಂದ ಸ್ವಾಮ್ಯವು ಮಗನಿಗೆ ಬಂದಿತು, ಮಗಳಿಗೆ ಬರಲಿಲ್ಲ. ಮೈಸೂರಿನಲ್ಲಿ ೧೯೩೩ರ ಹಿಂದೂ ಸ್ತ್ರೀಯರ ಹಕ್ಕಿನ ಕಾಯಿದೆಯು ಮೊದಲ ಹೆಜ್ಜೆಯನ್ನಿಟ್ಟಿತು. ೧೯೫೬ರ ಉತ್ತರಾಧಿಕಾರದ ಕಾಯಿದೆಯು ಇನ್ನೊಂದನ್ನು. ೧೯೯೪ರಲ್ಲಿ ಕರ್ನಾಟಕವೂ ೨೦೦೫ರಲ್ಲಿ ಭಾರತವೆಲ್ಲವೂ ಮಗಳನ್ನು ಹುಟ್ಟಿನಿಂದಲೇ ಪಾಲುಗಾರಳನ್ನಾಗಿ ಮಾಡಿದವು. ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಹಕ್ಕನ್ನು ಸಂಶಯವಿಲ್ಲದಂತೆ ಸ್ಥಿರಪಡಿಸಿತು. ಮಹಾಗಾಂವದ ಸುತ್ತ ೧೨ ಎಕರೆ ಪಿತ್ರಾರ್ಜಿತ ಎರೆಹೊಲವಿದ್ದು, ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಹೆಣ್ಣುಮಗಳುಳ್ಳ ಯಜಮಾನನು ಜೀವಂತವಿರುವಾಗಲೇ ಹಂಚಿ ವಿಶ್ರಮಿಸಬಯಸಿದನೆಂದು ಎಣಿಸಿದರೆ, ಹಳೆಯ ಲೆಕ್ಕದಲ್ಲಿ ನಾಲ್ಕು ಅಂಶಗಳು, ಒಂದೊಂದು ೩ ಎಕರೆ. ಮಗಳನ್ನು ಸೇರಿಸಿಕೊಂಡ ಲೆಕ್ಕದಲ್ಲಿ ಐದು ಅಂಶಗಳು, ಒಂದೊಂದು ೨ ಎಕರೆ ೧೬ ಗುಂಟೆ. ಗಂಡಹೆಂಡಿರ ಎರಡು ಅಂಶಗಳನ್ನು ಕೂಡಿಸಿದರೆ ೪ ಎಕರೆ ೩೨ ಗುಂಟೆ ಮಳೆಯ ಹೊಲ. ಅದರಲ್ಲಿ ಬೆಳೆದ ತೊಗರಿ ಜೋಳಗಳಿಂದ ಮೊದಲು ಒಂದು ವರುಷದ ಅನ್ನವನ್ನು ತೆಗೆದಿರಿಸಿ ಅವರು ಮುಂದಿನ ಮಳೆಯನ್ನು ಕಾಯತಕ್ಕದ್ದು.